ಮುರಮಣ್ಣಿನ ಧೂಳಿಗೆ ಯಾವ ಸೋಪು, ಒರೆಸಲು ಯಾವ ಟವೆಲು: ಮನೆಯಲ್ಲೇ ಕಾರು ತೊಳೆಯುವ ವ್ಯವಸ್ಥೆ ಮಾಡಿಕೊಂಡದ್ದು

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಕೊನೆಯ ಭಾಗ ಇನ್ನೂ ಮುರಮಣ್ಣಿನ, ಅಂದರೆ ಕೆಂಪು ಜಂಬಿಟ್ಟಿಗೆ ಮಣ್ಣಿನ ರಸ್ತೆ. ಬೇಸಿಗೆಯಲ್ಲಿ ಕಾರಿನ ಮೇಲೆ ಕೆಂಪು ಧೂಳು, ಮಳೆಗಾಲದಲ್ಲಿ ಅದೇ ಕೆಸರು. ಮಂಗಳೂರಿಗೆ ಹೋಗಿ ಬಂದರೆ ಹೆದ್ದಾರಿಯ ಧೂಳು, ಜೊತೆಗೆ ಕುಂಬಳೆ, ಉಪ್ಪಳದ ಕಡೆಯ ಕಡಲಗಾಳಿಯ ಉಪ್ಪು. ತೋಟದ ಬದಿ ನಿಲ್ಲಿಸಿದರೆ ಅಡಿಕೆಗೆ ಬಿಟ್ಟ ಮದ್ದಿನ ನೀಲಿ ಚುಕ್ಕೆ. ಹಲಸಿನ ಮರದಡಿ ನಿಲ್ಲಿಸಿದರೆ ಮೇಣ. ಕಾಸರಗೋಡಿನಲ್ಲಿ ಕಾರು ಇಟ್ಟುಕೊಂಡವರಿಗೆ ಇದೆಲ್ಲ ಗೊತ್ತಿದ್ದದ್ದೇ.

ನಮ್ಮದು ಗಾಢ ನೀಲಿ ಬಣ್ಣದ ಸ್ವಿಫ್ಟ್, ಸೆಕೆಂಡ್ ಹ್ಯಾಂಡ್ ಕೊಂಡದ್ದು. ನೆರಳಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬಿಸಿಲಿಗೆ ತಂದರೆ ಬಾನೆಟ್ ತುಂಬ ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೀರು. ಪೇಟೆಯ ಒಂದು ವಾಶಿಂಗ್ ಸೆಂಟರಿನಲ್ಲಿ ಚಕ್ರ ಉಜ್ಜಿದ ಸ್ಪಂಜನ್ನೇ ಅದೇ ಬಕೆಟ್‌ನಲ್ಲಿ ಅದ್ದಿ ಬಾನೆಟಿಗೆ ಹಾಕಿದ್ದನ್ನು ಕಣ್ಣಾರೆ ನೋಡಿದೆ. ಇನ್ನು ಮನೆಯಲ್ಲೇ ತೊಳೆಯುವುದು ಅಂತ ಅವತ್ತೇ ತೀರ್ಮಾನವಾಯಿತು.

ಗೀರು ಬೀಳುವುದು ಯಾಕೆ ಅನ್ನುವುದನ್ನು ಮೊದಲು ಹೇಳಬೇಕು. ಸೋಪು, ಟವೆಲು ಎರಡನ್ನೂ ಆರಿಸುವುದು ಅದರ ಮೇಲೆಯೇ. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಪದರ ಇರುತ್ತದೆ. ಕ್ಲಿಯರ್ ಕೋಟ್ ಅನ್ನುತ್ತಾರೆ. ಸುಮಾರು 40ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ, ಅಷ್ಟೇ. ಹೊಳಪು ಇರುವುದು ಅದರಲ್ಲಿ. ನಮ್ಮ ಮುರಮಣ್ಣಿನಲ್ಲಿ ಕಬ್ಬಿಣದ, ಅಲ್ಯೂಮಿನಿಯಂನ ಅಂಶ ಇರುವ ನುಣ್ಣನೆಯ ಪುಡಿಯೂ ಇರುತ್ತದೆ, ಬೆಣಚುಕಲ್ಲಿನ ಹರಳೂ ಇರುತ್ತದೆ. ಗಟ್ಟಿತನದ ಮೋಸ್ ಅಳತೆಯಲ್ಲಿ ಬೆಣಚುಕಲ್ಲಿಗೆ 7. ಕ್ಲಿಯರ್ ಕೋಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ಒಂದು ಹರಳು ಬಟ್ಟೆಯಡಿ ಸಿಕ್ಕಿ ಎರಡು ಸಲ ಆಚೀಚೆ ಹೋದರೆ ಸಾಕು, ಗೀರು ಬಿತ್ತು. ಹಾಗಾಗಿ ಸೋಪಿನ ಮೊದಲ ಕೆಲಸ ನೊರೆ ಕೊಡುವುದಲ್ಲ. ಧೂಳಿಗೂ ಬಣ್ಣಕ್ಕೂ ನಡುವೆ ಜಾರುವ ಹಾಗೆ ಮಾಡುವುದು. ಟವೆಲಿನ ಕೆಲಸವೂ ಉಜ್ಜುವುದಲ್ಲ, ನೀರನ್ನು ಎತ್ತಿಕೊಳ್ಳುವುದು.

ಸೋಪಿನ ಅಂಗಡಿಗೆ ಹೋಗುವ ಮೊದಲು ನೀರು ನೋಡಿಕೊಂಡೆ. ನಮ್ಮಲ್ಲಿ ಎರಡು ನೀರು ಉಂಟು. ಗುಡ್ಡದ ಬದಿಯ ಸುರಂಗದಿಂದ ಟ್ಯಾಂಕಿಗೆ ಬೀಳುವ ನೀರು ಒಂದು. ಬೋರ್‌ವೆಲ್ ಇನ್ನೊಂದು. ಸುರಂಗ ಅಂದರೆ ಬೇರೆ ಊರಿನವರು ಗಣಿಯೋ ರೈಲು ದಾರಿಯೋ ಅಂದುಕೊಳ್ಳುತ್ತಾರೆ. ಇಲ್ಲಿ ಅದು ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಒಳಗೆ ಒಸರುವ ನೀರನ್ನು ಪಂಪು ಇಲ್ಲದೆ ಹೊರಗೆ ತರುವ ದಾರಿ. ಅಜ್ಜನ ಕಾಲದ್ದು, ಈಗಲೂ ಹರಿಯುತ್ತದೆ.

ಎರಡು ನೀರಿನ ವ್ಯತ್ಯಾಸ ನೋಡಲು ಸುಲಭದ ದಾರಿ ಇದೆ. ಎರಡು ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು ಅರ್ಧರ್ಧ ನೀರು ತುಂಬಿಸಿ. ಸ್ನಾನದ ಸೋಪನ್ನು ಚಾಕುವಿನಿಂದ ಹೆರೆದು, ಎರಡಕ್ಕೂ ಸಮ ಪ್ರಮಾಣದ ಚೂರು ಹಾಕಿ, ಮುಚ್ಚಳ ಬಿಗಿದು ಜೋರಾಗಿ ಕುಲುಕಿ. ಸುರಂಗದ ನೀರಿನ ಬಾಟಲಿಯಲ್ಲಿ ದಪ್ಪ ನೊರೆ ಎದ್ದು ಹಾಗೇ ನಿಂತಿತು, ಕೆಳಗಿನ ನೀರು ತಿಳಿಯಾಗಿಯೇ ಇತ್ತು. ಬೋರಿನ ನೀರಿನ ಬಾಟಲಿಯಲ್ಲಿ ನೊರೆ ಬೇಗ ಇಳಿಯಿತು. ನೀರು ಹಾಲುಬಣ್ಣಕ್ಕೆ ತಿರುಗಿತು, ಬಾಟಲಿಯ ಗೋಡೆಗೆ ಬಿಳಿ ಕಸದಂಥದ್ದು ಅಂಟಿಕೊಂಡಿತು. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದರೆ ಆಗುವುದೇ ಅದು. ಅದೇ ಕಸ ಕಾರಿನ ಮೇಲೆ ಒಣಗಿದರೆ ಮಬ್ಬು ಪೊರೆ. ಇದರಿಂದ ಒಂದು ವಿಷಯ ಕೂಡಲೇ ಇತ್ಯರ್ಥವಾಯಿತು. ಎಣ್ಣೆ, ಕಾಸ್ಟಿಕ್ ಸೋಡಾದಿಂದ ಮಾಡಿದ ಗಟ್ಟಿ ಸೋಪು, ಅಂದರೆ ಸ್ನಾನದ ಸೋಪು, ಬಟ್ಟೆ ಸೋಪು, ಕಾರಿಗೆ ಬೇಡ. ನೀರು ಗಡುಸಾಗಿದ್ದರಂತೂ ಬೇಡವೇ ಬೇಡ.

ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಕೂಡ ಉಪಯೋಗಕ್ಕೆ ಬರುತ್ತದೆ. ಆದರೆ ಅದು ಹೇಳುವುದು ನೀರಿನಲ್ಲಿ ಕರಗಿದ್ದು ಒಟ್ಟು ಎಷ್ಟು ಅಂತ ಮಾತ್ರ. ಗಡಸುತನ ಎಷ್ಟು ಅಂತ ಅಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್, ಗಡಸುತನ 200. ಕುಡಿಯಲು ಸರಿ ಇರುವ ನೀರೂ ಕಾರಿನ ಮೇಲೆ ಬಿಸಿಲಿಗೆ ಒಣಗಿದರೆ ಕಲೆ ಬಿಡುತ್ತದೆ. ಹಾಗಾಗಿ ನಾನು ಮಾಡಿಕೊಂಡ ಏರ್ಪಾಡು ಇಷ್ಟು: ಮೊದಲ ಕೆಸರು ಇಳಿಸಲು ಬೋರಿನ ನೀರು, ಶಾಂಪು ಕಲಸಲು ಮತ್ತು ಕೊನೆಯ ನೀರಿಗೆ ಸುರಂಗದ್ದು.

ಸೋಪಿಗೆ ಬಂದರೆ, ಮನೆಯಲ್ಲಿ ಇದ್ದದ್ದನ್ನೆಲ್ಲ ಒಂದೊಂದಾಗಿ ನೋಡಿದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಕಾಗದದ ಪಟ್ಟಿ ತಂದಿಟ್ಟುಕೊಂಡಿದ್ದೆ. ನೀರು ಹುಳಿಯೋ ಕ್ಷಾರವೋ ಅಂತ ಅದು ತೋರಿಸುತ್ತದೆ; 7 ಅಂದರೆ ಎರಡೂ ಅಲ್ಲ, ನ್ಯೂಟ್ರಲ್. ಬಟ್ಟೆ ಒಗೆಯುವ ಪುಡಿಯನ್ನು ನೀರಿಗೆ ಹಾಕಿ ಪಟ್ಟಿ ಅದ್ದಿದರೆ ಬಣ್ಣ ಕ್ಷಾರದ ಕಡೆಗೆ ಓಡಿತು, 10ರ ಆಸುಪಾಸು. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದಲ್ವಾ. ಬಟ್ಟೆಯ ಕೊಳೆಗೆ ಅದು ಬೇಕು. ಕಾರಿನ ವ್ಯಾಕ್ಸಿಗೆ, ಅಲ್ಯೂಮಿನಿಯಂ ಭಾಗಗಳಿಗೆ ಒಳ್ಳೆಯದಲ್ಲ. ಅದಕ್ಕಿಂತ ಜಾಸ್ತಿ ಹೆದರಿಕೆ ಕರಗದೆ ಉಳಿಯುವ ಹರಳಿನದ್ದು. ಬಕೆಟಿನ ತಳಕ್ಕೆ ಕೈ ಹಾಕಿದರೆ ಬೆರಳಿಗೆ ಚುರುಚುರು ಸಿಗುತ್ತದೆ. ಬೆರಳಿಗೆ ಸಿಗುವಂಥದ್ದು ಬಣ್ಣಕ್ಕೂ ತಾಗುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್ ಬಗ್ಗೆ ಜನರಲ್ಲಿ ಎರಡು ಪಂಗಡ. ಒಂದು ಪಂಗಡ ಅದರಿಂದ ಪೇಂಟೇ ಎದ್ದು ಹೋಗುತ್ತದೆ ಅನ್ನುತ್ತದೆ. ಇನ್ನೊಂದು ಏನೂ ಆಗುವುದಿಲ್ಲ ಅನ್ನುತ್ತದೆ. ಪೇಂಟು ಏಳುವುದಿಲ್ಲ. ಆದರೆ ಆ ಲಿಕ್ವಿಡ್ ಮಾಡಿರುವುದೇ ಜಿಡ್ಡು ತೆಗೆಯಲಿಕ್ಕೆ. ವ್ಯಾಕ್ಸೂ ಒಂದು ಬಗೆಯ ಜಿಡ್ಡೇ ಆದ್ದರಿಂದ ತೊಳೆದಷ್ಟೂ ಅದು ಸವೆಯುತ್ತದೆ. ದಪ್ಪ ಮಾಡಲು ಅದಕ್ಕೆ ಉಪ್ಪು ಹಾಕುವ ಪದ್ಧತಿಯೂ ಇದೆ. ಕಡಲ ಗಾಳಿ ಬಡಿಯುವ ಊರಿನಲ್ಲಿ ಕಾರಿಗೆ ನಾವೇ ಕೈಯಾರೆ ಇನ್ನಷ್ಟು ಉಪ್ಪು ಹಾಕುವುದು ಯಾಕೆ? ವ್ಯಾಕ್ಸು ಪೂರ್ತಿ ತೆಗೆದು ಹೊಸದಾಗಿ ಪಾಲಿಶ್ ಮಾಡುವ ದಿನ ಅದನ್ನು ಬಳಸಬಹುದು. ವಾರವಾರದ ತೊಳೆತಕ್ಕೆ ಬೇಡ ಅಂತ ನನ್ನ ಅಭಿಪ್ರಾಯ.

ಅಂಟುವಾಳವನ್ನೂ ಬಿಡಲಿಲ್ಲ. ಅಮ್ಮ ಚಿನ್ನ, ರೇಷ್ಮೆ ಸೀರೆ ತೊಳೆಯುವುದು ಅದರಲ್ಲೇ. ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿದೆ. ಕಂದು ಬಣ್ಣದ ನೀರು, ಒಳ್ಳೆಯ ನೊರೆ. ಕಾಗದದ ಪಟ್ಟಿ ಸ್ವಲ್ಪ ಹುಳಿಯ ಕಡೆ ತೋರಿಸಿತು. ಬಾಗಿಲಿನ ಒಂದು ಬದಿಗೆ ಹಾಕಿ ನೋಡಿದರೆ ಧೂಳು ಹೋಯಿತು. ಆದರೆ ಶಾಂಪುವಿನಷ್ಟು ಜಾರಲಿಲ್ಲ, ತೊಳೆದ ಮೇಲೆ ಸ್ವಲ್ಪ ಅಂಟು ಉಳಿಯಿತು. ನೀರು ಜಾಸ್ತಿ ಬೇಕಾಯಿತು. ಒಳಗಿನ ಸೀಟಿನ ಬಟ್ಟೆಗೆ ಅಂಟುವಾಳ ಇರಲಿ, ಹೊರಮೈಗೆ ಬೇಡ.

ಕೊನೆಗೆ ಉಳಿದದ್ದು ಕಾರ್ ಶಾಂಪು. "ಎಂತ ಮಾರಾಯ, ಕಾರಿಗೂ ಶಾಂಪುವಾ?" ಅಂತ ಭಾವ ಕೇಳಿದರು. "ಹೌದು ಭಾವ, ಕೈ ಹಾಕಿ ನೋಡಿ" ಅಂತ ಬಕೆಟ್ ಮುಂದಿಟ್ಟೆ. ಎರಡು ಬೆರಳು ಅದ್ದಿ ಒಂದಕ್ಕೊಂದು ಉಜ್ಜಿದರೆ ನುಣ್ಣಗೆ ಜಾರುತ್ತದೆ. ಪಾತ್ರೆ ಲಿಕ್ವಿಡ್ ಕಲಸಿದ ನೀರಿನಲ್ಲಿ ಅದೇ ಬೆರಳು ಕಿರಕಿರ ಹಿಡಿಯುತ್ತದೆ. ಅಂಗಡಿಯಲ್ಲಿ ಬಾಟಲಿ ಬಿಚ್ಚಿ ನೋಡಲು ಆಗುವುದಿಲ್ಲ, ಸರಿ. ಆದರೆ ಸಣ್ಣ ಬಾಟಲಿ ಮೊದಲು ತಂದು ಹೀಗೆ ಬೆರಳಲ್ಲಿ ನೋಡಿಕೊಂಡು ಆಮೇಲೆ ದೊಡ್ಡದು ತರಬಹುದು.

ಲೇಬಲಿನಲ್ಲಿ ನಾನು ನೋಡುವುದು ಎರಡೇ. ಪಿಎಚ್ ನ್ಯೂಟ್ರಲ್ ಅಂತ ಇದೆಯಾ, ಎಷ್ಟು ನೀರಿಗೆ ಎಷ್ಟು ಹಾಕಬೇಕು ಅಂತ ಇದೆಯಾ. ಎರಡನೆಯದು ದುಡ್ಡಿನ ಲೆಕ್ಕ. ಒಂದಕ್ಕೆ 200 ಅಂತ ಇದ್ದರೆ 10 ಲೀಟರ್ ನೀರಿಗೆ 50 ಎಂಎಲ್. ಒಂದು ಲೀಟರ್ ಬಾಟಲಿ 20 ಸಲಕ್ಕೆ ಬರುತ್ತದೆ. ಒಂದಕ್ಕೆ 50 ಅಂತ ಇದ್ದರೆ ಅದೇ ಬಾಟಲಿ ಐದೇ ಸಲಕ್ಕೆ ಮುಗಿಯಿತು. ಕಡಿಮೆ ಬೆಲೆಯ ಬಾಟಲಿ ಕೊನೆಗೆ ದುಬಾರಿಯಾಗುವುದು ಹೀಗೆ. ಅಳತೆಗೆ ಮಕ್ಕಳ ಕೆಮ್ಮಿನ ಔಷಧದ ಖಾಲಿ ಮುಚ್ಚಳ ಸಾಕು, ಅದರಲ್ಲಿ ಎಂಎಲ್ ಗುರುತು ಇರುತ್ತದೆ. ಕಣ್ಣಂದಾಜಿನಲ್ಲಿ ಸುರಿಯಬೇಡಿ. ಜಾಸ್ತಿ ಹಾಕಿದರೆ ಜಾಸ್ತಿ ಸ್ವಚ್ಛ ಆಗುವುದಿಲ್ಲ, ತೊಳೆದು ಬಿಡಲು ನೀರು ಮಾತ್ರ ಜಾಸ್ತಿ ಬೇಕಾಗುತ್ತದೆ. ವ್ಯಾಕ್ಸ್ ಸೇರಿಸಿದ ಶಾಂಪುವೂ ಸಿಗುತ್ತದೆ. ಮಳೆಗಾಲದ ಮೊದಲು ಅದು ಒಳ್ಳೆಯದೇ. ಗಾಜಿಗೆ ತಾಗಿದರೆ ವೈಪರ್ ಓಡುವಾಗ ಮಬ್ಬು ಎಳೆಯುವುದುಂಟು, ಅಷ್ಟು ಜಾಗ್ರತೆ.

ಶಾಂಪುವಿನಿಂದ ಹೋಗದ ಎರಡು ನಮ್ಮೂರಿನಲ್ಲಿವೆ. ಒಂದು ಹಲಸಿನ ಮೇಣ. ಅದಕ್ಕೆ ಮದ್ದು ಅಡಿಗೆಮನೆಯಲ್ಲೇ ಇದೆ. ಹಲಸು ಕೊಯ್ಯುವಾಗ ಕತ್ತಿಗೆ, ಕೈಗೆ ಹಚ್ಚುವ ತೆಂಗಿನೆಣ್ಣೆ. ಹತ್ತಿಯಲ್ಲಿ ಅದ್ದಿ ಮೇಣದ ಮೇಲೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟರೆ ಮೆತ್ತಗಾಗಿ ಬರುತ್ತದೆ. ಕೆರೆಯಬಾರದು. ಆಮೇಲೆ ಆ ಜಾಗಕ್ಕೆ ಶಾಂಪು.

ಇನ್ನೊಂದು ಅಡಿಕೆಯ ಮದ್ದು. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣ ಅಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಗೊನೆಗೆ ಮಳೆಯಲ್ಲೂ ಅಂಟಿಕೊಂಡು ನಿಲ್ಲಬೇಕು ಅಂತಲೇ ಅದನ್ನು ಮಾಡುವುದು. ಕಾರಿಗೆ ಬಿದ್ದರೂ ಹಾಗೇ ನಿಲ್ಲುತ್ತದೆ. ಒಣಗಿದರೆ ಸುಣ್ಣ ಗಟ್ಟಿಯಾಗಿ, ನೀಲಿ ಛಾಯೆಯ ಒರಟು ಚುಕ್ಕೆ. ಉಗುರಿನಿಂದ ಎಬ್ಬಿಸಿದರೆ ಬಣ್ಣಕ್ಕೆ ಏಟು. ಬಿಳಿ ವಿನಿಗರ್ ಒಂದು ಪಾಲು, ನೀರು ಮೂರು ಪಾಲು ಕಲಸಿ, ಒದ್ದೆ ಬಟ್ಟೆಯನ್ನು ಚುಕ್ಕೆಯ ಮೇಲೆ ಒಂದೆರಡು ನಿಮಿಷ ಇಟ್ಟೆ. ಸುಣ್ಣ ಕರಗಿ ಚುಕ್ಕೆ ಸಡಿಲವಾಯಿತು. ಕೂಡಲೇ ಧಾರಾಳ ನೀರು ಹಾಕಿದೆ. ಬಿಸಿಯಾದ ಬಾನೆಟ್ ಮೇಲೆ ಇದನ್ನು ಮಾಡಬಾರದು, ಒಣಗಲೂ ಬಿಡಬಾರದು. ಹಿತ್ತಾಳೆ ಬೆಳಗುವ ಹಾಗೆ ಹುಣಸೆಹುಳಿ ಹಚ್ಚುವ ಯೋಚನೆಯನ್ನು ಯಾರೂ ಮಾಡಬೇಡಿ, ಅದರ ನಾರು, ಕಸ ಎರಡೂ ಗೀರು ಹಾಕುತ್ತವೆ. ಹಾಗೆಯೇ ಮದ್ದು ಬಿಡುವ ಪಂಪನ್ನು ಕಾರು ತೊಳೆಯಲು ತರುವುದೂ ಬೇಡ. ಎಷ್ಟು ತೊಳೆದರೂ ಪೈಪಿನೊಳಗೆ ಸುಣ್ಣ ಕೂತಿರುತ್ತದೆ.

ಬಕೆಟು ಎರಡು ಬೇಕು. ಪೇಂಟಿನ 20 ಲೀಟರಿನ ಖಾಲಿ ಬಕೆಟ್ ಎರಡು ತೊಳೆದಿಟ್ಟೆ. ಒಂದರಲ್ಲಿ ಶಾಂಪು, ಇನ್ನೊಂದರಲ್ಲಿ ಬರೀ ನೀರು. ಕೈಗೆ ಹಾಕುವ ಮೈಕ್ರೋಫೈಬರ್ ಗವುಸನ್ನು ಒಂದೊಂದು ಭಾಗ ತೊಳೆದ ಮೇಲೂ ಬರೀ ನೀರಿನಲ್ಲಿ ಹಿಂಡಿ, ಆಮೇಲೆ ಶಾಂಪುವಿಗೆ ಅದ್ದುವುದು. ಹರಳು ಕೆಳಗೆ ಕೂತರೆ ಮತ್ತೆ ಮೇಲೆ ಬರಬಾರದು. ಅದಕ್ಕೆ ಜಾಲರಿ ಅಂತ ಮಾರುತ್ತಾರೆ. ನಾನು ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿಯನ್ನು ಬಕೆಟಿನ ಅಳತೆಗೆ ಕತ್ತರಿಸಿ ಕವುಚಿ ಹಾಕಿದೆ. ತಳದಿಂದ ಮೂರು ನಾಲ್ಕು ಇಂಚು ಮೇಲೆ ನಿಲ್ಲುತ್ತದೆ. ಅಂಚನ್ನು ಮರಳುಕಾಗದದಲ್ಲಿ ಉಜ್ಜಿ ನಯ ಮಾಡಿದೆ. ತೇಲದ ಹಾಗೆ ಒಳಬದಿಗೆ ಎರಡು ಕಲ್ಲು ಕಟ್ಟಿದೆ. ತೊಳೆದಾದ ಮೇಲೆ ಬಕೆಟ್ ಬಗ್ಗಿಸಿದರೆ ತಳದಲ್ಲಿ ಕೆಂಪು ರಾಡಿ, ಅದರೊಳಗೆ ಮಿಣಮಿಣ ಹರಳು. ಆ ಹರಳೆಲ್ಲ ಬಾನೆಟ್ ಮೇಲೆ ತಿರುಗುವ ಬದಲು ಇಲ್ಲಿ ಕೂತಿತಲ್ಲ ಅಂತ ನನಗೆ ನಿಜವಾಗಿ ಸಮಾಧಾನವಾಯಿತು.

ಈಗ ಟವೆಲು. ನಮ್ಮ ಕಡೆ ಕಾರು ಒರೆಸುವುದು ಹಳೇ ಬೈರಾಸಿನಲ್ಲಿ, ಇಲ್ಲವಾದರೆ ತೋರ್ತಿನಲ್ಲಿ. ಮೈ ಒರೆಸಲು ತೋರ್ತಿನಷ್ಟು ಒಳ್ಳೆಯದು ಇನ್ನೊಂದಿಲ್ಲ, ತೆಳು, ಬೇಗ ಒಣಗುತ್ತದೆ. ಕಾರಿಗೆ ತೊಂದರೆ ಏನೆಂದರೆ ಅದರಲ್ಲಿ ಕುಚ್ಚು, ಅಂದರೆ ಮೇಲೆ ಎದ್ದು ನಿಂತ ಎಳೆ, ಇಲ್ಲ. ಬಟ್ಟೆ ಚಪ್ಪಟೆ. ಒಂದು ಹರಳು ಉಳಿದಿದ್ದರೆ ಅದಕ್ಕೆ ಒಳಗೆ ಹೋಗಲು ಜಾಗವಿಲ್ಲ, ಬಟ್ಟೆಗೂ ಬಣ್ಣಕ್ಕೂ ನಡುವೆಯೇ ಉರುಳುತ್ತದೆ. ಹಿಂಡಿದರೆ ನೀರು ಬಿಡುವ, ಸ್ಪಂಜಿನಂಥ ಹಳದಿ ಪಿವಿಎ ಶಾಮಿ ಬಟ್ಟೆಗೂ ಇದೇ ದೋಷ. ನೀರೇನೋ ಚೆನ್ನಾಗಿ ಹೀರುತ್ತದೆ. ಅದನ್ನು ಗಾಜಿಗೆ, ಬಾಗಿಲಿನ ಒಳಂಚಿಗೆ ಇಟ್ಟುಕೊಂಡಿದ್ದೇನೆ.

ಮೈಕ್ರೋಫೈಬರ್ ಅಂದರೆ ಪಾಲಿಯೆಸ್ಟರ್, ಪಾಲಿಅಮೈಡ್ ಸೇರಿದ ತುಂಬ ಸಣ್ಣ ಎಳೆ. ಪ್ಯಾಕೆಟಿನ ಮೇಲೆ 80/20 ಅಥವಾ 70/30 ಅಂತ ಇರುವುದು ಅದರ ಪಾಲು. ಒಳ್ಳೆಯದರಲ್ಲಿ ಒಂದೊಂದು ಎಳೆಯನ್ನೂ ಸೀಳಿರುತ್ತಾರೆ. ನೀರು ಹೀರುವುದು ಆ ಸೀಳುಗಳ ನಡುವೆ. ಸೀಳದೇ ಇರುವುದು ಹೆಸರಿಗಷ್ಟೇ ಮೈಕ್ರೋಫೈಬರ್. ಪರೀಕ್ಷೆ ಸುಲಭ. ಒಣ ಅಂಗೈ ಮೇಲೆ ಎಳೆಯಿರಿ. ಕೃಷಿ ಕೆಲಸ ಮಾಡಿದ ಒರಟು ಕೈಯಾದರೆ ಇನ್ನೂ ಒಳ್ಳೆಯದು. ಸೀಳಿದ ಎಳೆ ಚರ್ಮದ ಒರಟಿಗೆ ಸಿಕ್ಕಿಕೊಂಡು ಎಳೆಯುವ ಹಾಗೆ ಆಗುತ್ತದೆ. ಇಲ್ಲದಿದ್ದರೆ ಜಾರಿಹೋಗುತ್ತದೆ. ಎರಡನೆಯ ಪರೀಕ್ಷೆ ಮನೆಯ ಟೈಲ್ಸ್ ಮೇಲೆ. ಒಂದು ಲೋಟ ನೀರು ಚೆಲ್ಲಿ, ಒತ್ತದೆ ಟವೆಲನ್ನು ಅದರ ಮೇಲೆ ಎಳೆಯಬೇಕು. ಒಳ್ಳೆಯದು ನೀರನ್ನು ಕುಡಿದುಕೊಂಡು ಬರುತ್ತದೆ, ಕೆಟ್ಟದ್ದು ಮುಂದಕ್ಕೆ ತಳ್ಳುತ್ತದೆ. ಹೊಸ ಟವೆಲಾದರೆ ಈ ಪರೀಕ್ಷೆಗೆ ಮೊದಲು ಒಮ್ಮೆ ತೊಳೆಯಲೇಬೇಕು. ಬಣ್ಣ, ಸಡಿಲ ನಾರು ಹೋಗಲಿ.

ಜಿಎಸ್‌ಎಂ ಅಂತ ಬರೆದದ್ದನ್ನು ಕಣ್ಣುಮುಚ್ಚಿ ನಂಬುವ ಅಗತ್ಯ ಇಲ್ಲ. ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಅನ್ನುವುದಷ್ಟೇ ಅದು. ಅಡಿಗೆಮನೆಯ ತಕ್ಕಡಿ ಇದ್ದರೆ ಸಾಕು. 60 ಸೆಂಟಿಮೀಟರ್ ಅಗಲ, 90 ಉದ್ದದ ಟವೆಲ್ ಅಂದರೆ 0.54 ಚದರ ಮೀಟರ್. 1200 ಜಿಎಸ್‌ಎಂ ಅಂತ ಬರೆದಿದ್ದರೆ ತೂಕ 650 ಗ್ರಾಂ ಹತ್ತಿರ ಬರಬೇಕು. 400 ಗ್ರಾಂ ಬಂದರೆ ಅದು 740 ಜಿಎಸ್‌ಎಂ, ಬರೆದದ್ದು ಸುಳ್ಳು. ಒರೆಸುವ ಚಿಕ್ಕ ಬಟ್ಟೆ 40ಕ್ಕೆ 40 ಇದ್ದು 60 ಗ್ರಾಂ ತೂಗಿದರೆ 375. ಅಂಥದ್ದು ಡ್ಯಾಶ್‌ಬೋರ್ಡಿಗೆ, ವ್ಯಾಕ್ಸ್ ಒರೆಸಲು ಸರಿ. ಕಾರಿನ ನೀರು ತೆಗೆಯಲು ಇನ್ನೂ ದಪ್ಪದ್ದು ಬೇಕು. ಹಾಗಂತ ತೀರಾ ದಪ್ಪವೂ ನಮ್ಮ ಮಳೆಗಾಲಕ್ಕೆ ಕಷ್ಟ, ಒಣಗುವುದೇ ಇಲ್ಲ. ನಾನು ಆರಿಸಿದ್ದು ಹುರಿ ಹೊಸೆದಂಥ ಎಳೆಗಳ ದೊಡ್ಡ ಟವೆಲ್ ಒಂದು, ಚೌಕಳಿ ನೇಯ್ಗೆಯ ತೆಳು ಟವೆಲ್ ಒಂದು. ದೊಡ್ಡದು ಕಾರಿನ ಮಾಡಿಗೆ (ಮೇಲ್ಛಾವಣಿಗೆ), ಬಾನೆಟಿಗೆ, ಬಾಗಿಲಿಗೆ. ತೆಳುವಾದದ್ದು ಕೊನೆಯ ಹನಿಗಳಿಗೆ.

ಟವೆಲಿನ ನಡುಭಾಗ ಎಷ್ಟು ಮೆತ್ತಗಿದ್ದರೂ ಅಂಚು ಕೈಕೊಡಬಹುದು. ಒಂದು ಹಳೆಯ ಸಿಡಿ ತೆಗೆದುಕೊಂಡು ಅದರ ಹೊಳೆಯುವ ಬದಿಯ ಮೇಲೆ ಟವೆಲಿನ ನಡುಭಾಗವನ್ನು ಒತ್ತಿ ಉಜ್ಜಿದೆ, ಪಕ್ಕದಲ್ಲೇ ಹೊಲಿದ ಅಂಚನ್ನು ಉಜ್ಜಿದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ನಡುಭಾಗ ಹಾದ ಕಡೆ ಸಿಡಿ ಇದ್ದ ಹಾಗೇ ಇತ್ತು. ಅಂಚು ಹಾದ ಕಡೆ ಕೂದಲಿಗಿಂತ ಸಣ್ಣ ಗೆರೆಗಳು ಸಾಲಾಗಿ ಎದ್ದಿದ್ದವು. ಹೊಲಿಗೆಯ ದಾರ ಗಟ್ಟಿ, ಲೇಬಲಿನ ಪಟ್ಟಿ ಅದಕ್ಕಿಂತ ಗಟ್ಟಿ. ಹೊಲಿಗೆ ಇಲ್ಲದ ಅಂಚಿನದ್ದು ಸಿಕ್ಕಿದರೆ ಅದನ್ನೇ ಕೊಳ್ಳಿ. ಲೇಬಲ್ ಇದ್ದರೆ ಬ್ಲೇಡಿನಲ್ಲಿ ನಾಜೂಕಾಗಿ ಬಿಚ್ಚಿ ತೆಗೆಯಿರಿ.

ತೊಳೆಯುವುದು ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬರುವ ಮೊದಲು. ಬಾವಿ ಬದಿಯಲ್ಲಿ ಅಲ್ಲ, ನೀರು ಬೇರೆ ಕಡೆ ಹರಿದು ಹೋಗುವಲ್ಲಿ. ಮೊದಲು ಚಕ್ರ, ಅದಕ್ಕೆ ಬೇರೆಯೇ ಬ್ರಷ್, ಬೇರೆಯೇ ಬಟ್ಟೆ. ಆಮೇಲೆ ಮೇಲಿನಿಂದ ಕೆಳಗೆ ಧಾರಾಳ ನೀರು, ಚಕ್ರದ ಕಮಾನಿನೊಳಗೆ, ಅಡಿಭಾಗಕ್ಕೆ ಕೂಡ. ಉಪ್ಪು, ಕೆಸರು ಕೂರುವುದು ಅಲ್ಲೇ. ಆಮೇಲೆ ಗವುಸು, ಮಾಡಿನಿಂದ ಶುರು, ನೇರ ಗೆರೆಯಲ್ಲಿ, ಒತ್ತದೆ. ಬಾಗಿಲಿನ ಕೆಳಭಾಗ ಕೊನೆಗೆ.

ಕೊನೆಯ ನೀರು ಹಾಕುವಾಗ ಪೈಪಿನ ತುದಿಯ ಸ್ಪ್ರೇ ತೆಗೆದುಬಿಡುತ್ತೇನೆ. ಬರೀ ಪೈಪಿನಿಂದ ಮಾಡಿನ ಮೇಲೆ ನಿಧಾನ ಹರಿಯಬಿಟ್ಟರೆ ನೀರು ಹಾಳೆಯಾಗಿ ಇಳಿಯುತ್ತದೆ, ಇಳಿಯುವಾಗ ಹನಿಗಳನ್ನು ಎಳೆದುಕೊಂಡು ಹೋಗುತ್ತದೆ. ಒರೆಸಬೇಕಾದ ನೀರು ಅಷ್ಟು ಕಡಿಮೆಯಾಯಿತು. ಆಮೇಲೆ ದೊಡ್ಡ ಟವೆಲನ್ನು ಎರಡು ತುದಿ ಹಿಡಿದು ಬಾನೆಟ್ ಮೇಲೆ ಹಾಸಿ, ಸುಮ್ನೆ ತನ್ನ ಕಡೆ ಎಳೆದುಕೊಳ್ಳುವುದು. ಕೈಯಿಂದ ಒತ್ತುವುದೇ ಬೇಡ, ಟವೆಲಿನ ಭಾರವೇ ಸಾಕು. ಎಳೆದ ದಾರಿಯಲ್ಲಿ ತೆಳು ತೇವ ಮಾತ್ರ ಉಳಿಯುತ್ತದೆ, ನೋಡುತ್ತಿದ್ದ ಹಾಗೇ ಆರಿಹೋಗುತ್ತದೆ. ಕನ್ನಡಿಯ ಸಂದು, ಬಾಗಿಲಿನ ಹಿಡಿ, ನಂಬರ್ ಪ್ಲೇಟಿನ ಹಿಂದೆ ನಿಂತ ನೀರು ಎಲ್ಲ ಮುಗಿದ ಮೇಲೆ ಇಳಿದು ಗೆರೆ ಎಳೆಯುತ್ತದೆ. ಅಲ್ಲಿ ತೆಳು ಟವೆಲನ್ನು ಮಡಚಿ ಒತ್ತಿ ಹಿಡಿಯುವುದು. ಟವೆಲು ನೆಲಕ್ಕೆ ಬಿದ್ದರೆ ಅವತ್ತಿಗೆ ಅದು ಬಣ್ಣಕ್ಕಿಲ್ಲ. ಎಷ್ಟು ಕೊಡವಿದರೂ ಕುಚ್ಚಿನೊಳಗೆ ಅಂಗಳದ ಹರಳು ಇದ್ದೇ ಇರುತ್ತದೆ.

ಟವೆಲನ್ನು ಒಗೆಯುವುದು ಬೇರೆಯಾಗಿಯೇ. ಹತ್ತಿ ಬಟ್ಟೆಯ ಜೊತೆ ಹಾಕಿದರೆ ಅದರ ನಾರೆಲ್ಲ ಇದಕ್ಕೆ ಅಂಟುತ್ತದೆ. ಸ್ವಲ್ಪ ಲಿಕ್ವಿಡ್ ಡಿಟರ್ಜೆಂಟ್, ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು. ಬಟ್ಟೆ ಘಮಘಮ ಮಾಡುವ ಕಂಡಿಷನರ್ ಖಂಡಿತ ಬೇಡ. ಅದು ಎಳೆಯ ಮೇಲೆ ಪೊರೆ ಕಟ್ಟುತ್ತದೆ, ಟವೆಲು ನೀರು ಹೀರುವುದನ್ನೇ ಬಿಡುತ್ತದೆ. ಮಳೆಗಾಲದಲ್ಲಿ ಮನೆಯವರು ಬಟ್ಟೆಯನ್ನು ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ಹಾಕುತ್ತಾರಲ್ವಾ, ಈ ಟವೆಲನ್ನು ಅಲ್ಲಿ ಹಾಕಬಾರದು ಅಂತ ಅಮ್ಮನಿಗೂ ಹೇಳಿಟ್ಟಿದ್ದೇನೆ. ಹೊಗೆಯ ಮಸಿ ಕೂರುತ್ತದೆ, ಬಿಸಿಗೆ ಎಳೆ ಬಿರುಸಾಗುತ್ತದೆ. ಚಾವಡಿಯಲ್ಲಿ ಫ್ಯಾನಿನಡಿ ಒಣಗಿಸಿ, ಪೂರ್ತಿ ಒಣಗಿದ ಮೇಲೆ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇವೆ. ಸ್ವಲ್ಪ ತೇವ ಇದ್ದರೂ ಆಷಾಢದಲ್ಲಿ ಬೂಸ್ಟು ಹಿಡಿಯಲು ಹೆಚ್ಚು ದಿನ ಬೇಡ.

ಹಳೆಯ ಗೀರು ತೊಳೆತದಿಂದ ಹೋಗುವುದಿಲ್ಲ, ಅದಕ್ಕೆ ಪಾಲಿಶೇ ಆಗಬೇಕು. ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಬಾನೆಟಿನ ಒಂದು ಮೂಲೆಯ ಫೋಟೋ ತೆಗೆದಿಟ್ಟಿದ್ದೇನೆ. ಹೊಸ ಗೀರು ಸೇರಿದೆಯಾ ಅಂತ ಅದೇ ಮೂಲೆಗೆ ಹೋಲಿಸಿ ನೋಡುತ್ತಿದ್ದೇನೆ. ಇಷ್ಟರವರೆಗೆ ಸೇರಿಲ್ಲ. ಪಾಲಿಶ್ ಕೆಲಸ ಮಳೆ ಬಿಟ್ಟ ಮೇಲೆ, ಎರಡನೆಯ ಮದ್ದು ಬಿಟ್ಟಾದ ನಂತರ.